ಕರೆನ್ಸಿಗೆ ಹೊಣೆ ಯಾರು?

ಮೊಬೈಲ್ ಫೋನಿಗೆ ಮುಂಗಡವಾಗಿ ತುಂಬಿಸುವ ಹಣಕ್ಕೆ ನಮ್ಮ ಜನ ‘ಕರೆನ್ಸಿ’ ಎನ್ನುತ್ತಾರೆ. ‘ನೂರು ರೂಪಾಯಿ ಕರೆನ್ಸಿ ಹಾಕಿ’ ಎಂಬುದು ಕನ್ನಡ ನಾಡಿನ ಯಾವ ಪೆಟ್ಟಿಗೆ ಅಂಗಡಿಯ ಮುಂದೆ ನಿಂತರೂ ಕೇಳಿಸಿದ ಮಾತು. ‘ರೀಚಾರ್ಜ್’ ಎಂಬ ಪದಕ್ಕಿಂತ ಇದು ಸತ್ಯಕ್ಕೆ ಹತ್ತಿರವಾದದ್ದೆಂದು ನಮಗೆ ತೋರುತ್ತದೆ. ನಾವು ಸರ್ಕಾರದ ನೋಟನ್ನು ಕೊಟ್ಟು ಒಂದು ಖಾಸಗಿ ಸಂಸ್ಥೆಯ ನಾಣ್ಯವನ್ನು ಪಡೆಯುತ್ತೇವೆ. ಆ ನಾಣ್ಯ ಆ ಸಂಸ್ಥೆಯ ಅಂಗಳದಲ್ಲಿ ಮಾತ್ರ ಚಲಾವಣೆಯಾಗುತ್ತದೆ. ಸರ್ಕಾರದ ನೋಟಿನ ಮೇಲೆ ರಿಸರ್ವ್ ಬ್ಯಾಂಕಿನ ಗವರ್ನರರ ವಾಗ್ದಾನವಿದೆ, ಸಹಿಯಿದೆ. ಈ ನಾಣ್ಯದ ಮೇಲೆ ಯಾರ ಸಹಿಯಿದೆ? 2018ರ ಫೆಬ್ರವರಿಯಲ್ಲಿ ಚೆನ್ನೈ ನಗರ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿತು. ಅನಂತರ ಜನರು ಬೇರೆ ಸಿಮ್ ಕೊಂಡರು, ಪ್ರಶ್ನೆ ಅಲ್ಲಿಯೇ ಉಳಿಯಿತು.

ಅಂದು ಕುಸಿದದ್ದು ಏರ್‌ಸೆಲ್. 1999ರಲ್ಲಿ ಸಿ. ಶಿವಶಂಕರನ್ ಅವರು ತಮಿಳುನಾಡಿನಲ್ಲಿ ಆರಂಭಿಸಿದ ಈ ಸಂಸ್ಥೆ 2003ರಲ್ಲಿ ಆರ್‌ಪಿಜಿ ಸೆಲ್ಯುಲರನ್ನು ಕೊಂಡು ಚೆನ್ನೈ ನಗರಕ್ಕೆ ಕಾಲಿಟ್ಟಿತು. 2006ರಲ್ಲಿ ಮಲೇಷ್ಯಾದ ಮ್ಯಾಕ್ಸಿಸ್ ಕಮ್ಯುನಿಕೇಷನ್ಸ್ ಇದರ ಶೇ. 74ರಷ್ಟು ಪಾಲನ್ನು ಕೊಂಡಿತು. ಅಂದಿನ ಕಾನೂನು ವಿದೇಶಿ ಹೂಡಿಕೆಗೆ ಎಳೆದಿದ್ದ ಗೆರೆಯೂ ಸರಿಯಾಗಿ ಅಷ್ಟೇ. ಮುಂದೆ ಸಂಸ್ಥೆ ದೇಶವ್ಯಾಪಿಯಾಯಿತು. ಚೆನ್ನೈ ಸೂಪರ್ ಕಿಂಗ್ಸ್ ಆಟಗಾರರ ಹಳದಿ ಅಂಗಿಯ ಮೇಲೆ ಹಲವು ವರ್ಷ ಅದರ ಹೆಸರಿತ್ತು; ನುಂಗಂಬಾಕ್ಕಂನಲ್ಲಿ ನಡೆಯುತ್ತಿದ್ದ ಚೆನ್ನೈ ಓಪನ್ ಟೆನಿಸ್ ಪಂದ್ಯಾವಳಿಗೂ ಅದರ ಹೆಸರಿತ್ತು. 2010ರಲ್ಲಿ ದೇಶದ ಹುಲಿಗಳ ಸಂಖ್ಯೆ 1411ಕ್ಕೆ ಇಳಿದಿದೆಯೆಂದು ಊರೂರಿಗೂ ಸಾರಿದ ಪ್ರಚಾರಾಂದೋಲನ ಅನೇಕರಿಗೆ ನೆನಪಿರಬಹುದು. ಅದನ್ನು ನಡೆಸಿದ್ದೂ ಏರ್‌ಸೆಲ್ಲೇ, ಡಬ್ಲ್ಯುಡಬ್ಲ್ಯುಎಫ್ ಸಂಸ್ಥೆಯ ಜೊತೆಗೂಡಿ. ಅದು ಒಳ್ಳೆಯ ಕೆಲಸವೇ. ಆದರೆ ಕಾಡಿನಲ್ಲಿ ಉಳಿದ ಹುಲಿಗಳ ಲೆಕ್ಕವನ್ನು ನಾಡಿಗೆಲ್ಲ ಹೇಳಿದ ಸಂಸ್ಥೆ, ತನ್ನ ಬೊಕ್ಕಸದಲ್ಲಿ ಉಳಿದದ್ದೆಷ್ಟು, ಗ್ರಾಹಕರಿಗೆ ಕೊಡಬೇಕಾದದ್ದೆಷ್ಟು ಎಂಬ ಲೆಕ್ಕವನ್ನು ಅದೇ ದನಿಯಲ್ಲಿ ಹೇಳಲಿಲ್ಲ.

ಹೇಳಬೇಕಾದ ಅನಿವಾರ್ಯತೆಯೂ ಅದಕ್ಕಿರಲಿಲ್ಲ. ಏರ್‌ಸೆಲ್ ನಮ್ಮ ಷೇರು ಮಾರುಕಟ್ಟೆಗೆ ಬಂದ ಸಂಸ್ಥೆಯಲ್ಲ. ಮಾತೃಸಂಸ್ಥೆ ಮ್ಯಾಕ್ಸಿಸ್ ಕೂಡ 2007ರಲ್ಲಿ ಕೌಲಾಲಂಪುರದ ಮಾರುಕಟ್ಟೆಯಿಂದ ಹೊರಬಂದು ಆನಂದ ಕೃಷ್ಣನ್ ಅವರ ಖಾಸಗಿ ಒಡೆತನಕ್ಕೆ ಹೋಯಿತು. 2009ರಲ್ಲಿ ಅದರ ಮಲೇಷ್ಯಾದ ವ್ಯವಹಾರ ಮಾತ್ರ ಮರಳಿ ಮಾರುಕಟ್ಟೆಗೆ ಬಂತು. ಭಾರತದ ವ್ಯವಹಾರ ಖಾಸಗಿ ಕೋಣೆಯಲ್ಲಿಯೇ ಉಳಿಯಿತು. ಕಂಪನಿ ರಿಜಿಸ್ಟ್ರಾರರ ಬಳಿ ಸಲ್ಲಿಸುವ ವಾರ್ಷಿಕ ಲೆಕ್ಕಪತ್ರವನ್ನು ಶುಲ್ಕ ಕಟ್ಟಿ ಯಾರಾದರೂ ನೋಡಬಹುದು, ನಿಜ. ಹತ್ತು ರೂಪಾಯಿ ಕರೆನ್ಸಿ ಹಾಕಿಸುವವನು ಆ ಕೆಲಸ ಮಾಡಬೇಕೆಂದು ಯಾರೂ ಹೇಳಲಾರರು.

2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಸಣ್ಣ ಸಂಸ್ಥೆಗಳ ಉಸಿರು ಕಟ್ಟತೊಡಗಿತು. ಅದೇ ತಿಂಗಳು ಪ್ರಕಟವಾದ ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆಗಿನ ವಿಲೀನ 2017ರ ಅಕ್ಟೋಬರ್ 1ರಂದು ಮುರಿದುಬಿತ್ತು. 2018ರ ಜನವರಿಯಲ್ಲಿ ಏರ್‌ಸೆಲ್ ಗುಜರಾತ್, ಮಹಾರಾಷ್ಟ್ರ ಸೇರಿದಂತೆ ಆರು ವಲಯಗಳಲ್ಲಿ ಸೇವೆ ನಿಲ್ಲಿಸಿತು. ತಮಿಳುನಾಡಿನ ಅಂಗಡಿಗಳಲ್ಲಿ ಕರೆನ್ಸಿಯ ಮಾರಾಟ ಮಾತ್ರ ಎಂದಿನಂತೆ ನಡೆಯಿತು. ಫೆಬ್ರವರಿ 21, 22ರ ಹೊತ್ತಿಗೆ ಬಾಕಿ ಹಣದ ತಕರಾರಿನಿಂದ ಗೋಪುರಗಳು ಒಂದೊಂದಾಗಿ ಆರಿದವು. ಚೆನ್ನೈ, ಕೊಯಮತ್ತೂರುಗಳ ಮಳಿಗೆಗಳ ಮುಂದೆ ಜನ ಕಿಕ್ಕಿರಿದರು. 28ರಂದು ಸಂಸ್ಥೆ ದಿವಾಳಿ ಅರ್ಜಿ ಹಾಕಿತು. ಮಾರ್ಚಿನಲ್ಲಿ ಮುಂಬಯಿಯ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ ಅದನ್ನು ಅಂಗೀಕರಿಸಿತು.

ಆ ವಾರದ ಸಂಕಟವನ್ನು ತುಸು ನಿಂತು ನೋಡಬೇಕು. ಸಂಖ್ಯೆಯನ್ನು ಉಳಿಸಿಕೊಂಡು ಬೇರೆ ಸಂಸ್ಥೆಗೆ ಹೋಗಬೇಕಾದರೆ 1900ಕ್ಕೆ ಸಂದೇಶ ಕಳಿಸಿ ಎಂಟು ಅಕ್ಷರಗಳ ಸಂಕೇತವೊಂದನ್ನು ಪಡೆಯಬೇಕು. ಸಂದೇಶ ಹೋಗಬೇಕಾದರೆ ಸಿಗ್ನಲ್ ಬೇಕು. ಸಿಗ್ನಲ್ ಇಲ್ಲದಿರುವುದರಿಂದಲೇ ಬಿಟ್ಟುಹೋಗಬೇಕೆನ್ನುವವನಿಗೆ, ಬಿಟ್ಟುಹೋಗಲು ಸಿಗ್ನಲ್ ಬೇಕೆಂಬ ನಿಯಮ! ಮನೆಗೆ ಬೆಂಕಿ ಬಿದ್ದಾಗ ಬಾಗಿಲಿನ ಕೀಲಿಕೈ ಒಳಕೋಣೆಯಲ್ಲಿದ್ದಂತೆ. ಬ್ಯಾಂಕಿನ ಒಂದಾವರ್ತಿ ಸಂಕೇತಸಂಖ್ಯೆ, ಅಡುಗೆ ಅನಿಲದ ನೋಂದಣಿ, ಮಾರ್ಚ್ 31ರೊಳಗೆ ಜೋಡಿಸಲೇಬೇಕೆಂದು ಸರ್ಕಾರ ಆಗ ಅವಸರಪಡಿಸುತ್ತಿದ್ದ ಆಧಾರ್, ಎಲ್ಲವೂ ಆ ಒಂದು ಸಂಖ್ಯೆಗೆ ಕಟ್ಟಿಕೊಂಡಿದ್ದವು. ತಮಿಳುನಾಡು ವಲಯಕ್ಕೇ ಸೇರಿದ ಹೊಸೂರು, ತಾಳವಾಡಿಗಳಲ್ಲಿ ಕನ್ನಡ ಮನೆಗಳು ಹೇರಳವಾಗಿವೆ. ಚೆನ್ನೈಯ ಗ್ರಾಹಕನಿಗೆ ಹೋಗಿ ಜಗಳವಾಡಲು ಒಂದು ಮಳಿಗೆಯಾದರೂ ಇತ್ತು. ಗುಡ್ಡದ ಅಂಚಿನ ಹಳ್ಳಿಯವನಿಗೆ ಮಳಿಗೆ ಎಂದರೆ ಕರೆನ್ಸಿ ಮಾರಿದ ಕಿರಾಣಿ ಅಂಗಡಿಯವನೇ. ಆ ಅಂಗಡಿಯವನೂ ಹಣವನ್ನು ಮುಂಗಡ ಕೊಟ್ಟೇ ಸಂಸ್ಥೆಯಿಂದ ಕರೆನ್ಸಿ ಕೊಂಡಿದ್ದವನು.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಏಪ್ರಿಲ್ 15ರವರೆಗೆ ವರ್ಗಾವಣೆಗೆ ಅವಕಾಶವಿರಬೇಕೆಂದು ಆದೇಶಿಸಿತು, ಸಂಖ್ಯೆಗಳು ಬಹುಮಟ್ಟಿಗೆ ಉಳಿದವು. ಕರೆನ್ಸಿಯ ಕತೆ ಬೇರೆ. ವರ್ಗಾವಣೆಯ ನಿಯಮದ ಪ್ರಕಾರ ಸಂಸ್ಥೆಯನ್ನು ಬಿಡುವವನ ಉಳಿಕೆ ಹಣ ಲುಪ್ತವಾಗುತ್ತದೆ. ಸ್ವಇಚ್ಛೆಯಿಂದ ಬಿಡುವವನಿಗೆ ಈ ನಿಯಮ ಒಪ್ಪಬಹುದು. ಅಂಗಡಿಯ ಚಾವಣಿಯೇ ಕುಸಿದಾಗ ಓಡಿಬಂದವನನ್ನು ‘ಬಿಟ್ಟುಹೋದವನು’ ಎನ್ನುವುದು ಯಾವ ನ್ಯಾಯ?

ಪರವಾನಗಿಯ ಷರತ್ತಿನಲ್ಲಿ ಒಂದು ಒಳ್ಳೆಯ ಮಾತಿದೆ. ಸಂಸ್ಥೆ ಪರವಾನಗಿಯನ್ನು ಹಿಂದಿರುಗಿಸುವುದಾದರೆ ಸರ್ಕಾರಕ್ಕೆ 60 ದಿನ ಮೊದಲು, ಪ್ರತಿಯೊಬ್ಬ ಗ್ರಾಹಕನಿಗೆ 30 ದಿನ ಮೊದಲು ತಿಳಿಸಬೇಕು. ಆದರೆ ಇದು ಕ್ರಮಬದ್ಧವಾಗಿ ಬಾಗಿಲು ಹಾಕುವವರಿಗೆ ಬರೆದ ನಿಯಮ. ತಮಿಳುನಾಡಿನಲ್ಲಿ ಏರ್‌ಸೆಲ್ ಬಾಗಿಲು ಹಾಕಲಿಲ್ಲ. ಬಾಗಿಲು ತೆರೆದೇ ಇತ್ತು, ಒಳಗೆ ದೀಪ ಆರಿತು. ನಾವು ಪಾರದರ್ಶಕತೆ ಎಂದು ಕೇಳುತ್ತಿರುವುದು ಈ ಸಂದಿಯಲ್ಲಿ ಬೇಕಾದದ್ದು. ಸಂಸ್ಥೆಗೆ ತಾನು ಮುಳುಗುತ್ತಿರುವುದು ತಿಳಿದಿದೆ, ಕಾನೂನಿನ ಕಣ್ಣಿಗೆ ಅದಿನ್ನೂ ತೇಲುತ್ತಿದೆ. ಈ ನಡುವಣ ತಿಂಗಳುಗಳಲ್ಲಿ ಮಾರಿದ ಪ್ರತಿಯೊಂದು ರೂಪಾಯಿಯ ಕರೆನ್ಸಿಯೂ ನೀತಿಯ ದೃಷ್ಟಿಯಿಂದ ಪ್ರಶ್ನಾರ್ಹವೆಂದೇ ನಮ್ಮ ಅಭಿಪ್ರಾಯ.

ಇದನ್ನೇ ಇನ್ನೊಂದು ಮುಂಗಡ ಹಣದೊಡನೆ ಹೋಲಿಸಿ ನೋಡಬಹುದು. ಫೋನಿನೊಳಗಿನ ಹಣದ ಚೀಲಗಳಲ್ಲಿ, ಅಂದರೆ ವ್ಯಾಲೆಟ್‌ಗಳಲ್ಲಿ, ನಾವು ನೂರು ರೂಪಾಯಿ ಇಟ್ಟರೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಆ ಹಣ ಬ್ಯಾಂಕೊಂದರ ಪ್ರತ್ಯೇಕ ಎಸ್ಕ್ರೊ ಖಾತೆಯಲ್ಲಿರಬೇಕು. ವ್ಯಾಲೆಟ್ ಸಂಸ್ಥೆ ಅದನ್ನು ತನ್ನ ಜಾಹೀರಾತಿಗೋ ಸಂಬಳಕ್ಕೋ ಬಳಸುವಂತಿಲ್ಲ. ಅದೇ ನೂರು ರೂಪಾಯಿಯನ್ನು ಅದೇ ಫೋನಿನಲ್ಲಿ ಕರೆನ್ಸಿಯಾಗಿ ಹಾಕಿಸಿದ ಕ್ಷಣದಲ್ಲಿ ಅದು ಸಂಸ್ಥೆಯ ಸಾಮಾನ್ಯ ಹಣದಲ್ಲಿ ಬೆರೆತುಹೋಗುತ್ತದೆ. ಒಂದಕ್ಕೆ ಬೇಲಿಯಿದೆ, ಇನ್ನೊಂದಕ್ಕಿಲ್ಲ. ಕೊಡುವ ಕೈ ಒಂದೇ.

ದಿವಾಳಿ ಸಂಹಿತೆಯೂ ಈ ಸಣ್ಣ ಸಾಲದಾತನನ್ನು ಕಂಡದ್ದು ತಡವಾಗಿ. ಏರ್‌ಸೆಲ್ ಕುಸಿದ ವರ್ಷವೇ, ಜೂನ್ 6ರಂದು, ಮನೆ ಕೊಳ್ಳಲು ಮುಂಗಡ ಕೊಟ್ಟವರನ್ನು ಹಣಕಾಸಿನ ಸಾಲದಾತರೆಂದು ಪರಿಗಣಿಸುವ ಸುಗ್ರೀವಾಜ್ಞೆ ಬಂತು. ಫ್ಲ್ಯಾಟು ಕೊಳ್ಳುವವರು ಸಂಘಟಿತರಾಗಿದ್ದರು, ಅವರ ಕೂಗು ಕೇಳಿಸಿತು. ಕರೆನ್ಸಿ ಕೊಂಡವರ ಸಂಘವೆಂಬುದು ಎಲ್ಲಿದೆ? ಮುಂದೆ 2022ರ ಫೆಬ್ರವರಿ 4ರಂದು ಸುಪ್ರೀಂ ಕೋರ್ಟು ಇನ್ನೊಂದು ಪ್ರಕರಣದಲ್ಲಿ, ಸರಕಿಗೋ ಸೇವೆಗೋ ಮುಂಗಡ ಕೊಟ್ಟವನೂ ಸಂಹಿತೆಯ ಅರ್ಥದಲ್ಲಿ ವ್ಯವಹಾರದ ಸಾಲದಾತನೇ ಎಂದಿತು. ಅದು ಚೆನ್ನೈ ಮೆಟ್ರೋ ಕಾಮಗಾರಿಗೆ ದೀಪದ ಸಾಮಗ್ರಿ ಪೂರೈಸಲು ಕೊಟ್ಟ 50 ಲಕ್ಷ ರೂಪಾಯಿ ಮುಂಗಡದ ವ್ಯಾಜ್ಯ. ತತ್ವ ನಮ್ಮ ಪರವಾಗಿದೆ. ಆದರೆ 50 ಲಕ್ಷಕ್ಕೆ ವಕೀಲರು ಸಿಗುತ್ತಾರೆ, 50 ರೂಪಾಯಿಗೆ ಅರ್ಜಿಯ ಕಾಗದದ ಖರ್ಚೂ ಹುಟ್ಟುವುದಿಲ್ಲ. ಒಬ್ಬೊಬ್ಬರ ನಷ್ಟ ಕ್ಷುಲ್ಲಕ, ಒಟ್ಟು ನಷ್ಟ ದೊಡ್ಡದು. ದೇಶದಾದ್ಯಂತ ಎಂಟು ಕೋಟಿಯಷ್ಟು ಗ್ರಾಹಕರಿದ್ದ ಸಂಸ್ಥೆಯಿದು.

ಏರ್‌ಸೆಲ್ ಹೆಸರು ಕೇಳಿದೊಡನೆ ಓದುಗರಿಗೆ ನೆನಪಾಗುವುದು ‘ಏರ್‌ಸೆಲ್-ಮ್ಯಾಕ್ಸಿಸ್ ಪ್ರಕರಣ’. ಮಾರಾಟಕ್ಕೆ ಒತ್ತಡ ತಂದರೆಂಬ ಆರೋಪದ ಮೇಲೆ 2011ರಲ್ಲಿ ದಾಖಲಾದ ಮೊಕದ್ದಮೆಯಲ್ಲಿ ಮಾಜಿ ಸಚಿವ ದಯಾನಿಧಿ ಮಾರನ್ ಮತ್ತಿತರರನ್ನು 2017ರ ಫೆಬ್ರವರಿ 2ರಂದು ದೆಹಲಿಯ ವಿಶೇಷ ನ್ಯಾಯಾಲಯ ಆರೋಪಮುಕ್ತರನ್ನಾಗಿಸಿತು. ಹೂಡಿಕೆಗೆ ಸಿಕ್ಕ ಅನುಮೋದನೆಯ ಬಗೆಗಿನ ಮತ್ತೊಂದು ಪ್ರಕರಣದ ದಾರಿ ಬೇರೆ. ಅವುಗಳ ಸತ್ಯಾಸತ್ಯ ನ್ಯಾಯಾಲಯಗಳಿಗೆ ಬಿಟ್ಟದ್ದು, ನಾವು ಅದಕ್ಕೆ ಕೈಹಾಕುವುದಿಲ್ಲ. ನಮ್ಮ ತಕರಾರು ಇಷ್ಟೇ: ಈ ಸಂಸ್ಥೆಯ ನೀತಿ-ಅನೀತಿಗಳ ಬಗ್ಗೆ ದೇಶ ವರ್ಷಗಟ್ಟಲೆ ಮಾತಾಡಿತು, ಆ ಮಾತೆಲ್ಲ ಮಂತ್ರಿಗಳ ಸುತ್ತಲೇ ಸುತ್ತಿತು. ಮುಂದೆ ಬ್ಯಾಂಕುಗಳಿಗೂ ದೂರಸಂಪರ್ಕ ಇಲಾಖೆಗೂ ಸ್ಪೆಕ್ಟ್ರಂ ಯಾರದೆಂಬ ವ್ಯಾಜ್ಯ ಹುಟ್ಟಿ ಅದೂ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಈ ಎಲ್ಲ ಕಡತಗಳ ನಡುವೆ ಕರೆನ್ಸಿ ಹಾಕಿಸಿದವನ ಹೆಸರಿನದೊಂದು ಕಡತ ದಪ್ಪಗಾಗಲೇ ಇಲ್ಲ.

ಸಂಸ್ಥೆಗಳ ಪರ ವಾದಿಸುವವರಿಂದ ಒಂದು ತೂಕದ ಆಕ್ಷೇಪ ಬರುತ್ತದೆ. ‘ನಾವು ಕಷ್ಟದಲ್ಲಿದ್ದೇವೆ’ ಎಂದು ಸಾರಿದರೆ ಗ್ರಾಹಕರು ಮರುದಿನವೇ ಓಡುತ್ತಾರೆ, ಉಳಿಯಬಹುದಾಗಿದ್ದ ಸಂಸ್ಥೆಯೂ ಮುಳುಗುತ್ತದೆ ಎನ್ನುತ್ತಾರೆ. ಇದರಲ್ಲಿ ಸತ್ಯವಿಲ್ಲದಿಲ್ಲ. ಆದರೆ ಈ ವಾದ ಮುಚ್ಚಿಡುವುದಕ್ಕೆ ಸಮರ್ಥನೆಯಾಗುವುದಕ್ಕಿಂತ, ಗ್ರಾಹಕನ ಹಣವನ್ನು ಬೇರೆ ಇಡುವುದಕ್ಕೇ ಹೆಚ್ಚು ಸಮರ್ಥನೆಯಾಗುತ್ತದೆ. ತನ್ನ ಹಣ ಭದ್ರವಾಗಿದೆಯೆಂದು ಬಲ್ಲವನು ಓಡಬೇಕಾಗಿಲ್ಲ. ಮರ್ಯಾದೆಯಿಂದ ಅಂಗಡಿ ಮುಚ್ಚುವುದು ಅಸಾಧ್ಯವೂ ಆಗಿರಲಿಲ್ಲ: 2017ರ ಅಕ್ಟೋಬರಿನಲ್ಲಿ ಟಾಟಾ ತನ್ನ ಮೊಬೈಲ್ ವ್ಯವಹಾರವನ್ನು ಏರ್‌ಟೆಲ್‌ಗೆ ವಹಿಸುವುದಾಗಿ ಪ್ರಕಟಿಸಿ, ಸಾಲದ ಹೊರೆಯನ್ನು ಬಹುಪಾಲು ತಾನೇ ಹೊತ್ತು, ಗ್ರಾಹಕರನ್ನು ದಾಟಿಸಿತು. ಅದಕ್ಕೆ ಬೆನ್ನ ಹಿಂದೆ ದೊಡ್ಡ ಮನೆತನವಿತ್ತೆಂಬುದು ನಿಜ. ಏರ್‌ಸೆಲ್ ಬೆನ್ನ ಹಿಂದಿದ್ದವರೂ ಬಡವರೇನಲ್ಲ.

ನಮ್ಮ ದೇಶದ ಮೊಬೈಲ್ ಸಂಪರ್ಕಗಳಲ್ಲಿ ಹತ್ತಕ್ಕೆ ಒಂಬತ್ತು ಇಂದಿಗೂ ಮುಂಗಡ ಹಣದವೇ. ಅಂದು ಹತ್ತೋ ಐವತ್ತೋ ಇದ್ದ ಮುಂಗಡ ಈಗ 84 ದಿನದ್ದು, 365 ದಿನದ್ದು ಎಂದು ಸಾವಿರಗಳಿಗೆ ಬೆಳೆದಿದೆ. ಸಂಸ್ಥೆಗಳು ನಮ್ಮ ಮುಖ, ವಿಳಾಸ, ಬೆರಳಚ್ಚುಗಳನ್ನು ಕೇಳಿ ಪಡೆದು ನಮ್ಮನ್ನು ಗಾಜಿನೊಳಗಿಟ್ಟು ನೋಡುತ್ತವೆ. ನಮ್ಮ ಕಡೆಯಿಂದ ಆ ಗಾಜು ಕನ್ನಡಿ. ವೊಡಾಫೋನ್ ಐಡಿಯಾದ ಹಲವು ವರ್ಷಗಳ ವರದಿಗಳಲ್ಲಿ ಸಂಸ್ಥೆ ಮುಂದುವರಿಯುವ ಬಗ್ಗೆ ಅನಿಶ್ಚಿತತೆಯಿದೆಯೆಂಬ ಮಾತು ಕಾಣುತ್ತದೆ. ಅದು ಮಾರುಕಟ್ಟೆಯಲ್ಲಿರುವ ಸಂಸ್ಥೆಯಾದ್ದರಿಂದ ಷೇರುದಾರನಿಗೆ ಆ ಮಾತು ತಲುಪಿತು. ವರ್ಷದ ಕರೆನ್ಸಿ ಕೊಂಡವನೂ ಸಾಲ ಕೊಟ್ಟವನೇ. ಅವನ ರಸೀದಿಯ ಮೇಲೆ ಅಂಥ ಒಂದು ಸಾಲಿಗೂ ಜಾಗವಿಲ್ಲ.

ಟ್ರಾಯ್ ಹೊಸ ನಿಯಮಗಳಿಗೆ ಮೊದಲು ಸಾರ್ವಜನಿಕರ ಅಭಿಪ್ರಾಯ ಕೇಳುವ ಪದ್ಧತಿಯಿದೆ. ಅಲ್ಲಿ ಬರೆದು ಕೇಳಬೇಕಾದ ಮೂರು ಸಂಗತಿಗಳು ನಮಗೆ ಸ್ಪಷ್ಟವಾಗಿವೆ: ಒಂದು ತಿಂಗಳಿಗೆ ಮೀರಿದ ಮುಂಗಡ ಹಣ ಎಸ್ಕ್ರೊ ಖಾತೆಯಲ್ಲಿರಲಿ, ಸೇವೆ ಕೊಟ್ಟಷ್ಟೇ ಸಂಸ್ಥೆಯ ಕೈಗೆ ಬರಲಿ, ವರ್ಗಾವಣೆಯ ಸಂಕೇತವನ್ನು ಸಿಗ್ನಲ್ ಇಲ್ಲದೆಯೂ, ಸಂಸ್ಥೆಯ ಹಂಗಿಲ್ಲದೆಯೂ ಪಡೆಯುವ ದಾರಿ ಇರಲಿ, ಸಂಸ್ಥೆಯ ವೈಫಲ್ಯದಿಂದ ವರ್ಗಾವಣೆಗೊಂಡವನ ಉಳಿಕೆ ಹಣ ಅವನ ಸಂಖ್ಯೆಯ ಜೊತೆಗೇ ಹೊಸ ಸಂಸ್ಥೆಗೆ ಹೋಗಲಿ. ಇವನ್ನು ಕನ್ನಡದಲ್ಲಿಯೇ ಬರೆದು ಕಳಿಸಿದರೂ ಅಡ್ಡಿಯಿಲ್ಲ. ಉತ್ತರ ಯಾವ ಭಾಷೆಯಲ್ಲಿ ಬರುತ್ತದೆಂಬುದನ್ನೂ ನೋಡಿದಂತಾಗುತ್ತದೆ.