'ಟಿವಿಗೆ ಮಾಡಿದ್ದು' ಎಂಬ ತಾತ್ಸಾರ

'ಟಿವಿಗಾಗಿ ತೆಗೆದ ಚಿತ್ರ' ಎಂದ ಕೂಡಲೇ ನಮ್ಮ ಸಿನಿಮಾಪ್ರಿಯರು ಮೂಗು ಮುರಿಯುತ್ತಾರೆ. ದುಡ್ಡಿಲ್ಲದವರು, ಥಿಯೇಟರ್ ಸಿಗದವರು ಮಾಡುವ ಕೆಲಸ ಅದು ಎಂಬ ಭಾವನೆ. ಈ ತಾತ್ಸಾರದಿಂದ ನಷ್ಟ ನಮಗೇ. ಸಾಕ್ಷಿ ಬೇಕಾದವರು 'ದಿ ವುಮನ್ ಇನ್ ಬ್ಲ್ಯಾಕ್' ನೋಡಲಿ. ಡೇನಿಯಲ್ ರಾಡ್‌ಕ್ಲಿಫ್ ನಟಿಸಿದ 2012ರ ಚಿತ್ರ ಎಲ್ಲರಿಗೂ ಗೊತ್ತು. ನಾನು ಹೇಳುತ್ತಿರುವುದು 1989ರ ಡಿಸೆಂಬರ್ 24ರ ರಾತ್ರಿ ಬ್ರಿಟನ್ನಿನ ಐಟಿವಿಯಲ್ಲಿ ಬಂದದ್ದರ ಬಗ್ಗೆ.

ಸೂಸನ್ ಹಿಲ್ 1983ರಲ್ಲಿ ಬರೆದ ಕಾದಂಬರಿಗೆ ನೈಜೆಲ್ ನೀಲ್ ಚಿತ್ರಕಥೆ, ಹರ್ಬರ್ಟ್ ವೈಸ್ ನಿರ್ದೇಶನ. ತೀರಿಹೋದ ಮುದುಕಿಯೊಬ್ಬಳ ಕಾಗದಪತ್ರ ವಿಲೇವಾರಿ ಮಾಡಲು ಲಂಡನ್ನಿನ ಯುವ ವಕೀಲ ಆರ್ಥರ್ ಕಿಡ್ ಕಡಲತೀರದ ಊರಿಗೆ ಹೋಗುತ್ತಾನೆ. ಮುದುಕಿಯ ಮನೆ ಜೌಗುನೆಲದ ನಡುವೆ. ಭರತ ಬಂದರೆ ದಾರಿಯೇ ಮುಳುಗುತ್ತದೆ. ಕಥೆಯ ಬಂಡವಾಳ ಇಷ್ಟೇ.

ಈಗ ಹೆದರಿಸುವ ಬಗೆ ನೋಡಿ. ಕಪ್ಪುಡುಗೆಯ ಹೆಂಗಸು ಮೊದಲು ಕಾಣಿಸುವುದು ಶವಸಂಸ್ಕಾರದ ಹೊತ್ತಿಗೆ, ಹಾಡಹಗಲಲ್ಲಿ. ಸುಮ್ಮನೆ ನಿಂತಿರುತ್ತಾಳೆ, ಅಷ್ಟೇ. ಸಂಗೀತ ಅಬ್ಬರಿಸಿ 'ಈಗ ಬೆಚ್ಚಿಬೀಳು' ಎಂದು ಅಪ್ಪಣೆ ಕೊಡುವುದಿಲ್ಲ. ಮುಂದೆ ಮಂಜು ಕವಿದ ದಾರಿಯಲ್ಲಿ ಕುದುರೆಗಾಡಿ ಕೆಸರಿಗೆ ಸಿಕ್ಕಿ ಮುಳುಗುವ ಸದ್ದು, ಮಗುವಿನ ಚೀರಾಟ. ಕಣ್ಣಿಗೆ ಮಾತ್ರ ಏನೂ ಕಾಣದು. ಆ ಮನೆಯಲ್ಲಿ ಜನರೇಟರ್ ಇದೆ, ವಿದ್ಯುದ್ದೀಪಗಳಿವೆ. ಕತ್ತಲಿದ್ದರೆ ತಾನೇ ದೆವ್ವ ಎಂಬ ನಮ್ಮ ಧೈರ್ಯವನ್ನೂ ಚಿತ್ರ ಕಿತ್ತುಕೊಳ್ಳುತ್ತದೆ.

'ನಿಧಾನ, ಬೋರು' ಎನ್ನುವವರಿದ್ದಾರೆ. ಒಂದು ಕೈಯಲ್ಲಿ ಫೋನು ಹಿಡಿದು, ಒಂದೂವರೆ ಪಟ್ಟು ವೇಗದಲ್ಲಿ ಓಡಿಸಿ ನೋಡುವವರಿಗೆ ಹಾಗನ್ನಿಸದೆ ಇನ್ನೇನು? ಕಾಯುವಿಕೆಯೇ ಇಲ್ಲಿ ಭಯದ ಕಚ್ಚಾವಸ್ತು. ಅದನ್ನು ಕತ್ತರಿಸಿ ಎಸೆದು, ಭಯ ಹುಟ್ಟಲಿಲ್ಲ ಎಂದು ದೂರುವುದು ಅಕ್ಕಿ ಬೇಯುವ ಮೊದಲೇ ಒಲೆ ಆರಿಸಿ ಅನ್ನ ಗಟ್ಟಿ ಎಂದಂತೆ. ಒಪ್ಪುತ್ತೇನೆ, ಈ ಚಿತ್ರದಲ್ಲೂ ಕಿರುಚಿ ಬೆಚ್ಚಿಬೀಳಿಸುವ ದೃಶ್ಯವೊಂದಿದೆ. ಆದರೆ ಅದು ಬರುವುದು ಒಂದು ಗಂಟೆಗೂ ಮಿಕ್ಕಿ ನಮ್ಮನ್ನು ಕಾಯಿಸಿದ ಮೇಲೆ. 2012ರ ಚಿತ್ರ ಅದೇ ನಾಣ್ಯವನ್ನು ಮತ್ತೆ ಮತ್ತೆ ಚಲಾಯಿಸಿ ಸವೆಸಿಬಿಟ್ಟಿತು.

ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿಟ್ಟ ನಾಡಿನವರು ನಾವು. ಆ ದೆವ್ವವನ್ನು ಕಂಡವರಿರಲಿಲ್ಲ. ಪರಿಚಯದ ದನಿಯಲ್ಲಿ ಕರೆಯುತ್ತದೆಂಬ ಮಾತೇ ಸಾಕಿತ್ತು. ಕಾಣದ್ದಕ್ಕೆ ಹೆದರುವುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ತಾತ್ಸಾರದ ಬೆಲೆ ಅಭಿರುಚಿಗೇ ಮುಗಿಯುವುದಿಲ್ಲ. ಟಿವಿಯದ್ದೆಂದು ಕಡೆಗಣಿಸಿದ್ದನ್ನು ಕಾಪಿಡುವವರೂ ಕಡಿಮೆ. ವರ್ಷಗಟ್ಟಲೆ ಕೈಗೆ ಸಿಗದಿದ್ದ ಈ ಚಿತ್ರವನ್ನು 2020ರಲ್ಲಿ ಬ್ಲೂ-ರೇಯಲ್ಲಿ ತಂದದ್ದು ನೆಟ್‌ವರ್ಕ್ ಎಂಬ ಬ್ರಿಟಿಷ್ ಕಂಪನಿ. 2023ರಲ್ಲಿ ಆ ಕಂಪನಿಯೇ ಮುಚ್ಚಿತು. ಇಂಥ ಚಿತ್ರಗಳು ಉಳಿಯುವುದು ಕೇಳುವವರಿದ್ದರೆ ಮಾತ್ರ. ಆದ್ದರಿಂದ ಕೇಳಿ, ಹುಡುಕಿ. ಸಿಕ್ಕ ರಾತ್ರಿ ಫೋನನ್ನು ಪಕ್ಕದ ಕೋಣೆಯಲ್ಲಿಟ್ಟು ನೋಡಿ. ಆಮೇಲೆ ಅದನ್ನು ತರಲು ಎದ್ದು ಹೋಗುವ ಧೈರ್ಯ ಉಳಿದಿದ್ದರೆ, ನನ್ನೊಂದಿಗೆ ಜಗಳಕ್ಕೆ ಬನ್ನಿ.