‘ನಿಯಂತ್ರಣ ತಪ್ಪಿ ಪಲ್ಟಿ’

ಮಾನ್ಯ ಸಂಪಾದಕರೇ,

ಹೊಲದಲ್ಲಿ ಟ್ರ್ಯಾಕ್ಟರು ಮಗುಚಿ, ಅದನ್ನು ನಡೆಸುತ್ತಿದ್ದ ರೈತನು ಅದರಡಿಯಲ್ಲೇ ಸಿಕ್ಕು ಅಸುನೀಗಿದನೆಂಬ ವಾರ್ತೆ ಅಚ್ಚಾದಾಗಲೆಲ್ಲ, ‘ಚಾಲಕನ ನಿಯಂತ್ರಣ ತಪ್ಪಿ ಪಲ್ಟಿ’ ಎಂಬ ಒಂದೇ ವಾಕ್ಯದಲ್ಲಿ ಅದರ ಕಾರಣವೂ ವಿಚಾರಣೆಯೂ ತೀರ್ಪೂ ಮುಗಿದುಹೋಗುವುದನ್ನು ಬಹುಕಾಲದಿಂದ ಓದುತ್ತ ಬಂದಿರುವ ನಾನು, ಆ ವಾಕ್ಯದ ಮೇಲಣ ನನ್ನ ಆಕ್ಷೇಪವನ್ನು ತಮ್ಮ ಪತ್ರಿಕೆಯ ಮುಖಾಂತರವೇ ಸಲ್ಲಿಸಬಯಸುತ್ತೇನೆ. ನಿಯಂತ್ರಣ ತಪ್ಪಿದ್ದು ನಿಜವೇ. ಆದರೆ ಅದು ತಪ್ಪುವುದು ಹೇಗೆಂಬುದನ್ನು ಯಂತ್ರವನ್ನು ಆತನ ಕೈಗಿತ್ತವರಾರೂ ಆತನಿಗೆ ಹೇಳಿರಲಿಲ್ಲವೆಂಬುದೂ ಅಷ್ಟೇ ನಿಜ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಕಬ್ಬಿನ ಹಂಗಾಮು ಮುಗಿದು ಮುಂಗಾರು ಇನ್ನೂ ಕಾಲಿಡದಿರುವ ನಡುವಣ ದಿನಗಳಲ್ಲಿ, ಬದುವಿನ ಮೇಲಣ ಹುಣಸೆ, ಬೇವು, ಜಾಲಿಗಳನ್ನು ಕಡಿಸಿ, ಅವುಗಳ ಬೊಡ್ಡೆಗಳನ್ನು ಕಟ್ಟಿಗೆ ಅಡ್ಡೆಗೋ ಬೆಲ್ಲದ ಗಾಣದ ಒಲೆಗೋ ಸಾಗಿಸುವ ಕಾರ್ಯ ನಡೆದಿರುತ್ತದೆ. ಹಿಂದೆ ಈ ಕಾರ್ಯಕ್ಕೆ ಎರಡು ಜೋಡಿ ಎತ್ತು, ಮಿಣಿ ಮತ್ತು ಸನ್ನೆಗೋಲುಗಳು ಒದಗುತ್ತಿದ್ದವು. ತನ್ನಿಂದಾಗದ ಭಾರವನ್ನು ಹೆಗಲಿಗೆ ಹೊರಿಸಿದರೆ ಎತ್ತು ನಿಂತುಬಿಡುತ್ತಿತ್ತು, ಇಲ್ಲವೆ ಮಲಗಿಬಿಡುತ್ತಿತ್ತು. ‘ಒಲ್ಲೆ’ ಎನ್ನುವ ಆ ವಿವೇಕವು ಯಂತ್ರಕ್ಕಿಲ್ಲ. ಆರಡಿ ಸುತ್ತಳತೆಯ, ಹತ್ತಡಿ ಉದ್ದದ ಹಸಿ ಹುಣಸೆಯ ದಿಮ್ಮಿ ಎಂಟು ನೂರು ಕಿಲೋ ಮೀರಿ ತೂಗುತ್ತದೆ. ಅದನ್ನೆಳೆಯಲು ಹೂಡುವ ಹದಿನೈದು ಅಶ್ವಶಕ್ತಿಯ ಸಣ್ಣ ಟ್ರ್ಯಾಕ್ಟರಿನ ತೂಕವೂ ಹೆಚ್ಚುಕಡಿಮೆ ಅಷ್ಟೇ. ಸರಿಸಮ ತೂಕದ ಎರಡು ವಸ್ತುಗಳು ಸೆಣಸಿದಾಗ ಗೆಲುವು ಯಾರದೆಂಬುದು ಸರಪಳಿಯನ್ನು ಎಲ್ಲಿ ಬಿಗಿದಿದ್ದಾರೆಂಬುದನ್ನು ಅವಲಂಬಿಸಿರುತ್ತದೆ.

ಕಳೆದ ಬೇಸಿಗೆಯಲ್ಲಿ ನಮ್ಮ ನೆರೆಯ ಹೊಲದಲ್ಲಿ ನಾನು ಕಣ್ಣಾರೆ ಕಂಡುದನ್ನು ಹೇಳುತ್ತೇನೆ. ಇಪ್ಪತ್ತರ ಹರೆಯದ ತರುಣನೊಬ್ಬನು, ದಿಮ್ಮಿಯ ಮೂತಿ ಮಣ್ಣಿಗೆ ಕಚ್ಚದಿರಲೆಂದು, ಸರಪಳಿಯನ್ನು ಹಿಂಬದಿಯ ಮೂರು ಕೊಂಡಿಗಳಲ್ಲಿ ಮೇಲಿನದಾದ ಟಾಪ್‌ಲಿಂಕಿನ ಜಾಗಕ್ಕೆ ಸಿಕ್ಕಿಸಿ ಕ್ಲಚ್ಚನ್ನು ಥಟ್ಟನೆ ಬಿಟ್ಟನು. ದಿಮ್ಮಿ ಕದಲಲಿಲ್ಲ, ಮುಂಗಾಲಿಗಳೆರಡೂ ಒಂದು ಗೇಣು ಮೇಲೆದ್ದವು. ದೈವವಶಾತ್ ಅವನ ಕಾಲು ಮರಳಿ ಕ್ಲಚ್ಚನ್ನು ತುಳಿಯಿತು, ಟ್ರ್ಯಾಕ್ಟರು ದಡ್ಡನೆ ನೆಲಕ್ಕೆ ಬಿತ್ತು. ಬದುವಿನ ಮೇಲೆ ಕುಳಿತಿದ್ದ ಅವನಜ್ಜ ಎದ್ದು ಬಂದು, “ತಮ್ಮಾ, ಎತ್ತಿನ ಕೊಳ್ಳಿಗಿ ಹಗ್ಗಾ ಕಟ್ಟಿ ಯಾರರೆ ಕೊರಡ ಎಳಿಸ್ತಾರೇನೋ? ಕೆಳಗ ಕಟ್ಟೋ” ಎಂದನು. ಅಂದು ಆ ಹೊಲದಲ್ಲಿ ದೊರೆತ ಶಿಕ್ಷಣವೆಂದರೆ ಅದೊಂದೇ.

ಅಜ್ಜನ ಮಾತು ಯಂತ್ರಶಾಸ್ತ್ರಕ್ಕೆ ಸಮ್ಮತವಾದುದೇ. ಹಿಂದಿನ ಗಾಲಿಗಳು ಉರುಳಲಾರದೆ ನಿಂತಾಗ ಎಂಜಿನ್ನಿನ ಬಲವು ಗಾಲಿಯನ್ನು ತಿರುಗಿಸುವ ಬದಲು ಟ್ರ್ಯಾಕ್ಟರಿನ ಒಡಲನ್ನೇ ಹಿಂದಿನ ಅಚ್ಚಿನ ಸುತ್ತ ಮೇಲೆತ್ತತೊಡಗುತ್ತದೆ. ಸರಪಳಿಯು ಅಚ್ಚಿಗಿಂತ ಮೇಲಿದ್ದರೆ ದಿಮ್ಮಿಯ ಎಳೆತವೂ ಅದಕ್ಕೆ ಕೈಜೋಡಿಸುತ್ತದೆ. ಅಚ್ಚಿಗಿಂತ ಕೆಳಗಿರುವ ಡ್ರಾಬಾರಿಗೆ ಬಿಗಿದರೆ ಈ ಅಪಾಯವು ಬಹುಮಟ್ಟಿಗೆ ತಗ್ಗುತ್ತದೆ. ಮುಂಗಾಲಿ ನೆಲ ಬಿಟ್ಟ ಮೇಲೆ ಮರಳಿ ಬಾರದ ಘಟ್ಟವನ್ನು ಮುಟ್ಟಲು ಸುಮಾರು ಮುಕ್ಕಾಲು ಸೆಕೆಂಡು, ಪೂರ್ಣವಾಗಿ ಮಗುಚಲು ಒಂದೂವರೆ ಸೆಕೆಂಡು ಸಾಕು. ಇಷ್ಟರೊಳಗೆ ‘ನಿಯಂತ್ರಿಸು’ ಎಂದು ಯಾರಿಗೆ ಹೇಳುವುದು? ನಮ್ಮ ಎರೆ ಭೂಮಿಯಲ್ಲಿ ಗಾಲಿ ಹೂತಾಗ ಅದರ ಮುಂದೆ ಕಲ್ಲನ್ನೋ ಕಟ್ಟಿಗೆಯನ್ನೋ ತುರುಕಿ ಎಕ್ಸಿಲರೇಟರು ಒತ್ತುವ ರೂಢಿಯಂತೂ, ಗಾಲಿಯನ್ನು ಕಟ್ಟಿಹಾಕಿ ಯಂತ್ರವನ್ನು ನಾವೇ ಮಗುಚಿದಂತೆ. ಬಲ್ಲವರು ದಿಮ್ಮಿಯ ಮೂತಿಯನ್ನು ಕೊಡಲಿಯಿಂದ ದುಂಡಗೆ ಕೆತ್ತುತ್ತಾರೆ, ಹಗ್ಗವನ್ನು ಬಿಟ್ಟು ಸರಪಳಿಯನ್ನೇ ಬಳಸುತ್ತಾರೆ, ಮೊದಲನೆಯ ಗೇರಿನಲ್ಲಿ ಮೆಲ್ಲಗೆ ಎಳೆಯುತ್ತಾರೆ, ಇಳಿಜಾರಿಗೆ ಅಡ್ಡಲಾಗಿ ಹೋಗುವುದಿಲ್ಲ, ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂಡಿಸಿಕೊಳ್ಳುವುದಿಲ್ಲ.

ಮಗುಚಿದರೂ ಮನುಷ್ಯನುಳಿಯುವ ಉಪಾಯವು ಹೊಸದಲ್ಲ. ಆಸನದ ಹಿಂದೆ ನಿಲ್ಲಿಸುವ ಗಟ್ಟಿ ಕಬ್ಬಿಣದ ಕಮಾನು, ಅದರೊಡನೆ ಸೊಂಟಕ್ಕೆ ಬೆಲ್ಟು, ಇವಿಷ್ಟೇ. ಸ್ವೀಡನ್ ದೇಶವು 1959ರಲ್ಲಿಯೇ ಹೊಸ ಟ್ರ್ಯಾಕ್ಟರುಗಳಿಗೆ ಇಂತಹ ರಕ್ಷಾಚೌಕಟ್ಟನ್ನು ಕಡ್ಡಾಯಗೊಳಿಸಿತು. ಅನಂತರ ಅಲ್ಲಿ ಮಗುಚಿ ಸಾಯುವವರ ಸಂಖ್ಯೆ ಕ್ರಮೇಣ ಅತ್ಯಲ್ಪವಾಯಿತು. ನಮ್ಮ ಹೊಲಗಳಲ್ಲಿ ಓಡಾಡುವ ಸಣ್ಣ ಟ್ರ್ಯಾಕ್ಟರುಗಳ ಮೇಲೆ ಕಮಾನಿಗಿಂತ ಹೆಚ್ಚಾಗಿ ಕಾಣುವುದು ಹಾಡಿನ ಪೆಟ್ಟಿಗೆಯೇ.

ಸರಕಾರವು ಕೃಷಿ ಯಾಂತ್ರೀಕರಣದ ಹೆಸರಿನಲ್ಲಿ ಈ ಸಣ್ಣ ಟ್ರ್ಯಾಕ್ಟರುಗಳಿಗೆ ಸಹಾಯಧನವನ್ನೀಯುವುದು ಸ್ತುತ್ಯವಾದುದು. ಆದರೆ ಅರ್ಜಿಯೊಡನೆ ಪಹಣಿಯನ್ನೂ ಆಧಾರನ್ನೂ ಕೇಳುವ ವ್ಯವಸ್ಥೆಯು, ಭಾರವನ್ನೆಳೆಯುವ ಬಗೆಯನ್ನು ಕಲಿತಿರುವೆಯಾ ಎಂದು ಕೇಳುವುದಿಲ್ಲ. ಬದುವಿನ ಮರವನ್ನು ಕಡಿಯಬೇಕಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಹಲವು ಜಾತಿಗಳಿಗೆ ಅನುಮತಿಯನ್ನು ಪಡೆಯಬೇಕು. ಕಡಿದ ಮರವನ್ನು ಎಳೆಯುವವನ ಪ್ರಾಣಸಂರಕ್ಷಣೆಯ ಪ್ರಶ್ನೆಯನ್ನು ಯಾವ ಕಚೇರಿಯೂ ಎತ್ತುವುದಿಲ್ಲ. ಈ ಸಾವುಗಳಿಗೆ ಕಾರಣ ನಮ್ಮ ಜನರ ನಿಷ್ಕಾಳಜಿಯೇ ಹೊರತು ಆಡಳಿತದ ದೋಷವಲ್ಲವೆಂಬ ವಾದವನ್ನು ನಾನು ಒಪ್ಪಲಾರೆ. ಕಲಿಸದೆಯೇ ತಪ್ಪೆನ್ನುವುದು ನ್ಯಾಯವಲ್ಲ.

ಆದುದರಿಂದ ಸಹಾಯಧನದ ಟ್ರ್ಯಾಕ್ಟರಿಗೆ ರಕ್ಷಾಕಮಾನನ್ನೂ ಒಂದು ದಿನದ ಪ್ರಾತ್ಯಕ್ಷಿಕೆಯನ್ನೂ ಕಡ್ಡಾಯಗೊಳಿಸಬೇಕೆಂದು ನನ್ನ ವಿನಂತಿ. ಇದಕ್ಕೆ ಹೊಸ ಸಂಸ್ಥೆ ಬೇಕಿಲ್ಲ. ಹೋಬಳಿಗಳಲ್ಲಿ ರೈತ ಸಂಪರ್ಕ ಕೇಂದ್ರಗಳಿವೆ, ನಮ್ಮ ಜಿಲ್ಲೆಯಲ್ಲೇ ಮತ್ತಿಕೊಪ್ಪ, ತುಕ್ಕಾನಟ್ಟಿಗಳಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಒಂದು ಟ್ರ್ಯಾಕ್ಟರು, ಒಂದು ದಿಮ್ಮಿ, ಒಂದು ಸರಪಳಿ, ಕಲಿಸಬಲ್ಲ ಒಬ್ಬ ಮನುಷ್ಯ ಸಾಕು.

ತಮ್ಮಲ್ಲಿಯೂ ಒಂದು ಬಿನ್ನಹವಿದೆ. ಇಂತಹ ವಾರ್ತೆಯು ಮತ್ತೊಮ್ಮೆ ಬಂದಾಗ, ‘ನಿಯಂತ್ರಣ ತಪ್ಪಿ’ ಎಂದು ಬರೆಯುವ ಮೊದಲು, ಸರಪಳಿಯನ್ನು ಎಲ್ಲಿಗೆ ಕಟ್ಟಿದ್ದರೆಂದು ಕೇಳಿ ತಿಳಿದು, ಅದನ್ನೂ ಒಂದು ಸಾಲಿನಲ್ಲಿ ಅಚ್ಚುಹಾಕುವಂತೆ ತಮ್ಮ ವರದಿಗಾರರಿಗೆ ದಯವಿಟ್ಟು ಸೂಚಿಸಿರಿ.

ಇತಿ ತಮ್ಮ ವಿಶ್ವಾಸಿ,
ರಾಯಬಾಗ ತಾಲ್ಲೂಕಿನ ಓರ್ವ ವಾಚಕ