ಹೊಸಬರಿಗೂ ಒಂದು ಕುರ್ಚಿ ಹಾಕಿ

2005ರ ಮಾರ್ಚ್ 26, ಶನಿವಾರ ಸಂಜೆ. ನಾವಿನ್ನೂ ಹುಟ್ಟಿರಲಿಲ್ಲ. ಬ್ರಿಟನ್ನಿನ ಬಿಬಿಸಿ ಒನ್ ಚಾನೆಲ್‌ನಲ್ಲಿ ಅವತ್ತು ‘ಡಾಕ್ಟರ್ ಹೂ’ ಮತ್ತೆ ಶುರುವಾಯ್ತು. 1963ರಲ್ಲಿ ಆರಂಭವಾಗಿ 1989ರಲ್ಲಿ ನಿಂತುಹೋಗಿದ್ದ ಸೈನ್ಸ್ ಫಿಕ್ಷನ್ ಧಾರಾವಾಹಿ ಅದು. ಮಧ್ಯೆ 1996ರಲ್ಲಿ ಬಂದ ಒಂದು ಟಿವಿ ಸಿನಿಮಾ ಬಿಟ್ಟರೆ ಅಭಿಮಾನಿಗಳಿಗೆ ಹದಿನೈದು ವರ್ಷ ಬರೀ ಕಾಯೋದೇ ಆಗಿತ್ತು. ‘ರೋಸ್’ ಅನ್ನೋ ಆ ಮೊದಲ ಸಂಚಿಕೆಯನ್ನು ಒಂದು ಕೋಟಿಗೂ ಹೆಚ್ಚು ಜನ ನೋಡಿದ್ರು.

ಇಷ್ಟು ಕಾದವರು ಕುಣಿದಾಡಬೇಕಿತ್ತು ಅಲ್ವಾ? ಕುಣಿದವರೂ ಇದ್ದರು, ಮುಖ ಸಿಂಡರಿಸಿದವರೂ ಇದ್ದರು. ಮೊದಲೆಲ್ಲ 25 ನಿಮಿಷದ ಕಂತುಗಳಲ್ಲಿ ವಾರಗಟ್ಟಲೆ ಬೆಳೀತಿದ್ದ ಕಥೆ ಈಗ 45 ನಿಮಿಷಕ್ಕೆ ಮುಗಿದುಹೋಯ್ತು ಅನ್ನೋದು ಒಂದು ತಕರಾರು. ಪಾಪ್ ಗಾಯಕಿಯಾಗಿದ್ದ ಬಿಲ್ಲಿ ಪೈಪರ್‌ಗೆ ಯಾಕೆ ಈ ಪಾತ್ರ ಅನ್ನೋದು ಇನ್ನೊಂದು. ಪ್ಲಾಸ್ಟಿಕ್ ಕಸದ ಡಬ್ಬಿಯೊಂದು ಮನುಷ್ಯನನ್ನು ನುಂಗಿ ತೇಗುವ ದೃಶ್ಯವಂತೂ ಹಲವರಿಗೆ ಅವಮಾನವಾದಂತೆ ಅನ್ನಿಸಿತು. ಅದೇ ವಾರದಲ್ಲಿ, ಡಾಕ್ಟರ್ ಪಾತ್ರದ ಕ್ರಿಸ್ಟೋಫರ್ ಎಕ್ಲ್‌ಸ್ಟನ್ ಒಂದೇ ಸರಣಿಗೆ ಬಿಡ್ತಾರಂತೆ ಅಂತ ಸುದ್ದಿ ಬೇರೆ ಬಂತು!

ನಿಜ ಹೇಳ್ಬೇಕಂದ್ರೆ ಆ ತೇಗು ನಮಗೂ ಹಿಡಿಸಲಿಲ್ಲ. ಹಾಗಂತ ಗೊಣಗಿದವರನ್ನು ನೋಡಿ ನಗೋದು ಸರಿಯಲ್ಲ. 1960ರ ದಶಕದ ಎಷ್ಟೋ ಕಂತುಗಳ ಟೇಪುಗಳನ್ನು ಬಿಬಿಸಿಯೇ ಅಳಿಸಿಹಾಕಿತ್ತು. ಕಳೆದುಹೋದ ಆ ಕಂತುಗಳ ಧ್ವನಿಯಾದರೂ ಇವತ್ತು ಉಳಿದಿದೆ ಅಂದ್ರೆ, ಅದಕ್ಕೆ ಕಾರಣ ಮನೆಯ ಟಿವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತಿದ್ದ ಅಭಿಮಾನಿಗಳು. ಇಷ್ಟು ಜೋಪಾನ ಮಾಡಿದವರಿಗೆ ‘ನಮ್ಮದು’ ಅನ್ನೋ ಹಕ್ಕು ಖಂಡಿತ ಇದೆ.

ಆದರೆ ಮತ್ತೆ ಶುರುವಾಗೋ ಕಥೆಯ ಮೊದಲ ಸಂಚಿಕೆ ಅವರಿಗೋಸ್ಕರ ಮಾತ್ರ ಇರಬಾರದು ಅನ್ನೋದು ನಮ್ಮ ವಾದ. ‘ರೋಸ್’ ಶುರುವಾಗೋದು ಡಾಕ್ಟರ್‌ನಿಂದಲ್ಲ, ಲಂಡನ್ನಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡೋ, ಏನೂ ಗೊತ್ತಿಲ್ಲದ ಒಬ್ಬ ಹುಡುಗಿಯಿಂದ. ಅಂಗಡಿಯ ಗೊಂಬೆಗಳು ನಡೆದಾಡಲು ಶುರು ಮಾಡ್ತವೆ. ಅವು 1970ರಲ್ಲೇ ಬಂದಿದ್ದ ‘ಆಟಾನ್’ಗಳು ಅಂತ ಹಳಬರಿಗೆ ತಕ್ಷಣ ಗೊತ್ತಾಗುತ್ತೆ. ಆದರೆ ಸಂಚಿಕೆಯಲ್ಲಿ ಯಾರೂ ಆ ಹೆಸರನ್ನು ಬಾಯಿಬಿಟ್ಟು ಹೇಳೋದೇ ಇಲ್ಲ! ಗೊತ್ತಿದ್ದವರಿಗೆ ಒಂದು ಗುಟ್ಟಿನ ಖುಷಿ, ಗೊತ್ತಿಲ್ಲದವರಿಗೆ ಬರೀ ಭಯ. ಇಬ್ಬರಿಗೂ ನಷ್ಟವಿಲ್ಲ. ಇದನ್ನು ಬರೆದ ರಸಲ್ ಟಿ ಡೇವಿಸ್ ಸ್ವತಃ ಚಿಕ್ಕಂದಿನಿಂದ ಈ ಧಾರಾವಾಹಿಯ ಅಭಿಮಾನಿ. ತನಗೆ ಗೊತ್ತಿದ್ದದ್ದನ್ನೆಲ್ಲ ಮೊದಲ ದಿನವೇ ತೋರಿಸಿಕೊಳ್ಳದೆ ಇದ್ದದ್ದೇ ಅವರ ದೊಡ್ಡತನ.

ಹಾಸ್ಟೆಲ್ ರೂಮಿನಲ್ಲಿ ಒಂದೇ ಲ್ಯಾಪ್‌ಟಾಪ್ ಮುಂದೆ ಐದು ಜನ ಕೂತು ಇದನ್ನು ನೋಡಿದಾಗ, ಹಿಂದಿನ ಒಂದು ಕಂತೂ ನಮಗೆ ಗೊತ್ತಿರಲಿಲ್ಲ. ಆದರೂ ಕಥೆ ನಮ್ಮನ್ನು ಹೊರಗೆ ನಿಲ್ಲಿಸಲಿಲ್ಲ.

ಇದು ನಮಗೆ ಇಷ್ಟು ತಟ್ಟೋಕೆ ಕಾರಣ ಇದೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಾವು ಕನ್ನಡ ಸಂಘದ ಬಾಗಿಲಿಗೆ ಬಂದಾಗ ಒತ್ತಕ್ಷರ ತಪ್ಪು ಬರೀತಿದ್ವಿ, ಈಗಲೂ ಬರೀತೀವಿ. ‘ಇಷ್ಟೂ ಗೊತ್ತಿಲ್ವಾ?’ ಅಂತ ಅವತ್ತು ಯಾರಾದರೂ ಸೀನಿಯರ್ ನಕ್ಕಿದ್ದರೆ ಸುಮ್ಮನೆ ವಾಪಸ್ ಹೋಗಿಬಿಡ್ತಿದ್ವಿ. ಯಾರೂ ನಗಲಿಲ್ಲ, ತಿದ್ದಿಕೊಟ್ಟರು.

ನಿಮ್ಮ ಇಷ್ಟದ ಸರಣಿಯೂ ನಾಳೆ ಮತ್ತೆ ಬರಬಹುದು. ತಪ್ಪಿದ್ದರೆ ಧಾರಾಳವಾಗಿ ಬೈಯಿರಿ. ಆದರೆ ಅದನ್ನು ಮೊದಲ ಸಲ ನೋಡ್ತಾ ಪಕ್ಕದಲ್ಲಿ ಕೂತವರು ‘ಯಾರಿವನು?’ ಅಂತ ಕೇಳಿದ್ರೆ, ನಗದೆ ಹೇಳಿ.